ಬೈಕಂಪಾಡಿಯ ಕಂಪ್ಯೂಟರಿಗೆ ಸದ್ದು ಬಂದದ್ದು

ನಮ್ಮ ಕಂಪ್ಯೂಟರಿನಲ್ಲಿ ಸದ್ದು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಅದು ಮನೆಗೆ ಬಂದು ಒಂಬತ್ತು ವರ್ಷ ಕಳೆದ ಮೇಲೆ. ಅಷ್ಟು ವರ್ಷ ಅದರ ಮುಂದೆ ಕೂತು ಟೈಪ್ ಮಾಡಿದ್ದೇನೆ. ಒಂದು ದಿನವೂ ಅದರಿಂದ ಹಾಡು ಕೇಳಬೇಕು ಅನಿಸಿರಲಿಲ್ಲ. ಹಾಡಿಗೆ ಅಮ್ಮನ ರೇಡಿಯೋ ಇತ್ತು, ಆಮೇಲೆ ಮೊಬೈಲ್ ಬಂತು. ಕಂಪ್ಯೂಟರ್ ಇದ್ದದ್ದು ಕೆಲಸಕ್ಕೆ.

ಅದು ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಅಪ್ಪ ಬೈಕಂಪಾಡಿಯ ಒಂದು ಕಾರ್ಖಾನೆಯ ಗೋದಾಮಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದರು. ಅಲ್ಲಿನ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ಗುಜರಿಗೆ ಹಾಕದೆ, ಬೇಕೆಂದ ಕೆಲಸಗಾರರ ಹೆಸರು ಬರೆದು ಚೀಟಿ ಎತ್ತಿ ಹಂಚಿದರು. ಹೆಸರು ಕೊಟ್ಟವರಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು ಅಪ್ಪ ಒಬ್ಬರೇ. "ನಿಮಗೆ ಎಂತಕ್ಕೆ ಮಾರಾಯ್ರೆ, ಅದ್ರ ಮೇಲೆ ಮೀನು ಒಣಗಿಸ್ಲಿಕ್ಕಾ?" ಎಂದು ಆಫೀಸಿನ ಗುಮಾಸ್ತರು ನಗಾಡಿದರಂತೆ. "ಮಗಳು ಡಿಗ್ರಿ ಓದ್ತಾಳೆ" ಎಂದರಂತೆ ಅಪ್ಪ. ಚೀಟಿಯಲ್ಲಿ ಅವರ ಹೆಸರು ಬಂತು. ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಪರದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂಳೂರಿನ ನಮ್ಮ ಮನೆಗೆ ತಂದರು. "ಟಿವಿಯವರಿಗೆ ಎಲ್ಲಿಗೆ ಟಿಕೆಟ್?" ಎಂದು ಕಂಡಕ್ಟರ್ ಕೇಳಿದ್ದನ್ನು ಈಗಲೂ ನೆಂಟರು ಬಂದಾಗ ಹೇಳುತ್ತಾರೆ.

ಡಬ್ಬದ ಬದಿಯಲ್ಲಿ ಬಿಳಿ ಪೈಂಟಿನಲ್ಲಿ ೧೧ ಎಂದು ಬರೆದಿತ್ತು. ಪೆನ್‌ಡ್ರೈವ್ ಚುಚ್ಚುವ ಬಾಯಿಗಳನ್ನು, ಮುಂದಿನ ಎರಡು, ಹಿಂದಿನ ನಾಲ್ಕು, ಎಲ್ಲವನ್ನೂ ನಲ್ಲಿ ಸೋರಿದರೆ ಹಚ್ಚುವ ಬೂದು ಅಂಟಿನಿಂದ ಮುಚ್ಚಿದ್ದರು. ಕಾರ್ಖಾನೆಯ ಕಾಗದಪತ್ರ ಯಾರೂ ಕದ್ದು ಒಯ್ಯಬಾರದೆಂದು ಹಾಗೆ ಮಾಡಿದ್ದಂತೆ. ಅಂಟು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮುಂದಿನ ಬಾಯಿಯ ಮೇಲಿನ ತುಂಡಿನಲ್ಲಿ ಯಾರದೋ ಹೆಬ್ಬೆರಳಿನ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಕೀಬೋರ್ಡಿಗೂ ಮೌಸಿಗೂ ಹಳೆಯ ಗುಂಡು ಪಿನ್ನುಗಳಿದ್ದವು, ನೆಟ್ಟಿಗೆ ಕೇಬಲಿನವರ ವೈರು ಇತ್ತು. ಏನಾದರೂ ಕಳಿಸುವುದಿದ್ದರೆ ಮೇಲ್ ಮಾಡುತ್ತಿದ್ದೆ.

ಆ ಕಂಪ್ಯೂಟರಿನ ಮುಂದೆ ಕೂತೇ ನಾನು ಬಿ.ಕಾಂ. ಮುಗಿಸಿದೆ. ಹಗಲು ಒಂದು ಜವಳಿ ಅಂಗಡಿಯಲ್ಲಿ ಕೆಲಸ, ಸಂಜೆ ಕಾಲೇಜು. ಕಾಸ್ಟ್ ಅಕೌಂಟ್ಸಿನಲ್ಲಿ ಎರಡು ಸಲ ಫೇಲಾದೆ, ಮೂರನೇ ಸಲ ಪಾಸಾದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಹುಡುಕಿದರೂ ನನಗಿಂತ ಮೊದಲು ಡಿಗ್ರಿ ಮಾಡಿದವರು ಸಿಗುವುದಿಲ್ಲ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಇದರಿಂದ ಮನೆಯಲ್ಲಿ ಒಂದು ಅಭ್ಯಾಸ ಬೆಳೆಯಿತು. ಕರೆಂಟು ಬಿಲ್ಲು ಇರಲಿ, ಆಸ್ಪತ್ರೆಯ ಚೀಟಿ ಇರಲಿ, "ಅವಳಿಗೆ ಗೊತ್ತುಂಟು, ಅವಳು ಓದಿದವಳು" ಎಂದು ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದು. ಬರಬರುತ್ತಾ ನನಗೂ ಅದೇ ಸರಿ ಅನಿಸತೊಡಗಿತ್ತು.

ಡಿಗ್ರಿಯ ನಂತರ ಕೊಡಿಯಾಲ್‌ಬೈಲಿನ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಏಳು ವರ್ಷ ಅಲ್ಲಿದ್ದೆ. ಕಳೆದ ವರ್ಷ ವಕೀಲರು ಕರೆದು, "ಕಣ್ಣು ಸಾಲುವುದಿಲ್ಲ ನೋಡಮ್ಮ, ಈ ತಿಂಗಳ ಕೊನೆಗೆ ಕಚೇರಿ ಮುಚ್ತೇನೆ, ನೀನು ಬೇರೆ ಕಡೆ ನೋಡಿಕೋ" ಎಂದರು. ನೋಡಿದೆ. ಒಂದು ಕಡೆಯಿಂದ ಉತ್ತರ ಬಂತು. ಜನರ ಮಾತಿನ ಧ್ವನಿಮುದ್ರಣಗಳನ್ನು ಕೇಳಿ ಕನ್ನಡ ಅಕ್ಷರದಲ್ಲಿ ಬರೆದು ಕೊಡುವ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ಡಿಗ್ರಿ ಆಗಿರಬೇಕು, ತುಳು ಮನೆಮಾತಾಗಿರಬೇಕು. ಆ ಸಾಲನ್ನು ನಾನು ಎರಡು ಸಲ ಓದಿದೆ. ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಅದೇ ತುಳುವಿಗೆ ಸಂಬಳ ಕೊಡುತ್ತೇವೆ ಅನ್ನುತ್ತಿದ್ದಾರೆ. ಈ ಕೆಲಸ ನನ್ನದು ಎಂದು ಆ ಕ್ಷಣದಲ್ಲೇ ನಿಶ್ಚಯಿಸಿಬಿಟ್ಟೆ.

ಅದಕ್ಕೊಂದು ಪರೀಕ್ಷೆ ಇತ್ತು. ಲಿಂಕ್ ಬಂದದ್ದು ಶನಿವಾರ ಮಧ್ಯಾಹ್ನ. ಸೋಮವಾರ ಬೆಳಿಗ್ಗೆ ಹನ್ನೊಂದರ ಒಳಗೆ ಬರೆದು ಕಳಿಸಬೇಕು, ಆಮೇಲೆ ಲಿಂಕ್ ತೆರೆಯುವುದಿಲ್ಲ. ಮೊಬೈಲಿನಲ್ಲಿ ಆಗುವುದಿಲ್ಲ. ಮುಂದೆ ಯಾವ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತೀರೋ ಅದರಲ್ಲೇ ಪರೀಕ್ಷೆಯನ್ನೂ ಬರೆಯಬೇಕು ಎಂದು ದಪ್ಪ ಅಕ್ಷರದಲ್ಲಿತ್ತು. ಮೊದಲ ಪುಟದಲ್ಲಿ ಮೂರು ತಪಾಸಣೆ, ನೆಟ್ಟು, ಕೀಬೋರ್ಡು, ಸದ್ದು. ಮೂರೂ ಹಸಿರಾದರೆ ಮಾತ್ರ ಪರೀಕ್ಷೆ ತೆರೆಯುತ್ತದೆ. ನೆಟ್ಟು ಹಸಿರಾಯಿತು. ಕೀಬೋರ್ಡು ಹಸಿರಾಯಿತು. ಸದ್ದಿನದ್ದು ಹೀಗೆ: ಒಂದು ಧ್ವನಿ ನಾಲ್ಕು ಅಂಕಿಗಳನ್ನು ಹೇಳುತ್ತದೆ, ಕೇಳಿ ಬರೆಯಬೇಕು. ಬಿಜೈಯಿಂದ ಸ್ಪೀಕರ್ ತಂದು, ಹಸಿರು ತೂತಿಗೆ ಪಿನ್ನು ಚುಚ್ಚಿ, ಕಿವಿ ಹತ್ತಿರ ಇಟ್ಟುಕೊಂಡು ಕೂತೆ. ಏನೂ ಇಲ್ಲ. ಪರದೆಯ ಕೆಳಗಿನ ಮೂಲೆಯಲ್ಲಿ ಸ್ಪೀಕರಿನ ಚಿತ್ರದ ಮೇಲೆ ಕೆಂಪು ಗುಣಿಸು ಗುರುತು. ಒತ್ತಿದರೆ, ಸದ್ದಿನ ಯಾವ ಸಾಧನವೂ ಇಲ್ಲ ಎಂದು ಬರುತ್ತಿತ್ತು.

ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಎಂತ ಆಯ್ತು?" ಎಂದರು ಅಪ್ಪ. ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು.

"ಸದ್ದು ಬರುವುದಿಲ್ಲ."

"ಅದು ಆಫೀಸಿನಲ್ಲಿರುವಾಗಲೇ..."

"ಅಪ್ಪ, ಈಗ ಬೇಡ. ಇದು ಡ್ರೈವರ್ ಪ್ರಾಬ್ಲಮ್."

ಡ್ರೈವರ್ ಅಂದರೆ ಏನು ಎಂದು ನನಗೂ ಗೊತ್ತಾಗಿ ಹತ್ತು ನಿಮಿಷ ಆಗಿತ್ತಷ್ಟೇ. ಮೊಬೈಲಿನಲ್ಲಿ ಒಬ್ಬಾತ ವಿಡಿಯೋದಲ್ಲಿ ವಿವರಿಸಿದ್ದ. ಕಂಪ್ಯೂಟರಿನ ಒಂದೊಂದು ಭಾಗಕ್ಕೂ ಅದನ್ನು ನಡೆಸುವ ಒಂದೊಂದು ಸಣ್ಣ ಪ್ರೋಗ್ರಾಮ್ ಇರುತ್ತದೆ. ಸದ್ದು ಹೊರಡಿಸುವ ಭಾಗಕ್ಕೆ ಸೌಂಡ್ ಕಾರ್ಡ್ ಎಂದು ಹೆಸರು, ಅದರ ಪ್ರೋಗ್ರಾಮ್ ಹಾಳಾದರೆ ಸದ್ದು ನಿಲ್ಲುತ್ತದೆ. ಹಾಗಾದರೆ ಹೊಸ ಡ್ರೈವರ್ ಹಾಕಿದರಾಯಿತು. ಸರಳವಾಗಿ ಕಂಡಿತು.

ವಕೀಲರ ಹತ್ತಿರ ಕಲಿತ ಒಂದು ಅಭ್ಯಾಸ ನನಗಿದೆ. ಯಾವ ಕೆಲಸವನ್ನೂ ಬರೆದಿಟ್ಟು ಮಾಡುವುದು. ಗೆರೆ ಹಾಕಿದ ಹಳೆಯ ನೋಟ್‌ಬುಕ್ ತೆಗೆದು ನಡುವೆ ಉದ್ದ ಗೆರೆ ಎಳೆದೆ. ಎಡಕ್ಕೆ ಏನು ಮಾಡಿದೆ, ಬಲಕ್ಕೆ ಏನಾಯಿತು.

ಮೊದಲ ಸಾಲಿಗೇ ಪೆಟ್ಟು ಬಿತ್ತು. ಎಲ್ಲ ಡ್ರೈವರುಗಳನ್ನೂ ಪುಕ್ಕಟೆ ಹುಡುಕಿ ಕೊಡುತ್ತೇನೆ ಎನ್ನುವ ಒಂದು ಪ್ರೋಗ್ರಾಮನ್ನು ಇಳಿಸಿದೆ. ಅದು ಓಡಾಡಿ ನೋಡಿ, ನಿಮ್ಮ ಹದಿನೇಳು ಡ್ರೈವರುಗಳು ಕೆಟ್ಟಿವೆ, ಸರಿ ಮಾಡಲು ಬ್ಯಾಂಕ್ ಕಾರ್ಡಿನ ನಂಬರು ಕೊಡಿ ಎಂದಿತು. ಮುಚ್ಚಿದೆ. ಅಲ್ಲಿಂದ ಮುಂದೆ ಯಾವ ಪುಟ ತೆರೆದರೂ ಇಸ್ಪೀಟು ಆಡಲು ಕರೆಯುವ ಜಾಹೀರಾತು. ಅದನ್ನು ಬುಡಸಮೇತ ಕಿತ್ತು ಹಾಕಲು ಒಂದೂವರೆ ಗಂಟೆ ಬೇಕಾಯಿತು. ಬಲಗಡೆ ಬರೆದೆ: "ನಷ್ಟ."

ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು. ಹೆಚ್ಚಿನ ಕಂಪ್ಯೂಟರುಗಳಿಗೆ ಹೊಂದುತ್ತದೆ ಎಂದು ಜನ ಹೇಳುವ ಡ್ರೈವರುಗಳನ್ನೆಲ್ಲ ಹಾಕಿ ನೋಡಿದೆ. ಎಲ್ಲದಕ್ಕೂ ಒಂದೇ ಉತ್ತರ. ಈ ಡ್ರೈವರಿಗೆ ಸರಿಹೊಂದುವ ಸಾಧನ ಸಿಗಲಿಲ್ಲ. ನಾನು ನಾಲ್ಕು ಸಲ ಅದನ್ನೇ ಬಲಗಡೆ ಬರೆದೆ, ನಾಲ್ಕು ಸಲವೂ ಡ್ರೈವರ್ ತಪ್ಪು ಎಂದು ತಿಳಿದುಕೊಂಡೆ. ಅದು ಹೇಳುತ್ತಿದ್ದುದೇ ಬೇರೆ ಎಂದು ಹೊಳೆಯಲಿಲ್ಲ.

ಸಂಜೆ ಅಪ್ಪ ಚಾ ಲೋಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ನಮ್ಮ ಮ್ಯಾನೇಜರ್ ಇದ್ರಲ್ಲ, ಅವ್ರು ಒಮ್ಮೆ ಎಂತ ಮಾಡಿದ್ರು ಅಂದ್ರೆ..."

"ಅಪ್ಪ, ನಿಮಗೆ ಇದು ಗೊತ್ತಾಗ್ಲಿಕ್ಕಿಲ್ಲ. ಸ್ವಲ್ಪ ಸುಮ್ಮನಿರ್ತೀರಾ?"

"ಆವು" ಎಂದರು ಅಪ್ಪ. ತುಳುವಿನಲ್ಲಿ ಆಗಲಿ ಎಂದು ಅರ್ಥ. ಲೋಟವನ್ನು ಕಿಟಕಿಯಲ್ಲಿಟ್ಟು ಹೋದರು. ಚಾ ಆರಿದ ಮೇಲೆ ಕುಡಿದೆ.

ಆದಿತ್ಯವಾರ ಬೆಳಿಗ್ಗೆ ಎದ್ದವಳೇ ಬಿಜೈಗೆ ಬಸ್ಸು ಹಿಡಿದೆ. ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿ ಇದೆ. ಸ್ಪೀಕರ್ ತಂದದ್ದೂ ಅಲ್ಲಿಂದಲೇ. ಅಂಗಡಿಯವರು ದುಬೈಯ ಆಫೀಸುಗಳಲ್ಲಿ ಹದಿಮೂರು ವರ್ಷ ಇದೇ ಕೆಲಸ ಮಾಡಿ ಬಂದವರು, ಕರಾವಳಿಯ ಬ್ಯಾರಿ ಮುಸ್ಲಿಮರು. ನಾನು ಅವರನ್ನು ಕಾಕ ಎನ್ನುತ್ತೇನೆ. ವಕೀಲರ ಕಚೇರಿಯ ಪ್ರಿಂಟರ್ ಕೆಟ್ಟಾಗಲೆಲ್ಲ ನಾನೇ ಹೊತ್ತುಕೊಂಡು ಹೋಗುತ್ತಿದ್ದುದರಿಂದ ಅವರು ನನಗೆ ಇಟ್ಟ ಹೆಸರು ವಕೀಲಮ್ಮ.

"ಎಂತ ವಕೀಲಮ್ಮ, ಆದಿತ್ಯವಾರ ಕೂಡ ಕೇಸ್ ಉಂಟಾ?"

ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿದ್ದ ಪರದೆಯ ಫೋಟೋಗಳನ್ನೂ ನೋಟ್‌ಬುಕ್ಕನ್ನೂ ಮುಂದಿಟ್ಟೆ. ಕಾಕ ಕನ್ನಡಕ ಮೇಲೆತ್ತಿ ಒಂದು ಫೋಟೋವನ್ನು ಹಿಗ್ಗಿಸಿದರು. ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿ ಅದು. ಕಂಪ್ಯೂಟರಿನ ಒಳಗೆ ಏನೇನಿದೆ ಎಂಬುದು ಅದರಲ್ಲಿ ಸಾಲಾಗಿ ಬರುತ್ತದೆ.

"ಇದ್ರಲ್ಲಿ ಹಳದಿ ಗುರುತು ಎಲ್ಲುಂಟು?"

"ಇಲ್ಲ."

"ಡ್ರೈವರ್ ಇಲ್ಲದಿದ್ರೆ ಆ ಭಾಗದ ಹೆಸರಿನ ಹತ್ರ ಹಳದಿ ಬರ್ತದೆ. ಇಲ್ಲಿ ಸೌಂಡಿನ ಹೆಸರೇ ಇಲ್ಲ. ಗಾಡಿಯೇ ಇಲ್ಲ, ನೀವು ನಿನ್ನೆಯಿಂದ ಡ್ರೈವರನ್ನು ಹುಡುಕ್ತಿದ್ದೀರಿ. ಒಳ್ಳೆ ಕಥೆ ಮಾರಾಯ್ರೆ."

"ಹಾಗಾದ್ರೆ ಎಂತ ಆಗಿದೆ?"

"ಬೋರ್ಡಿನಲ್ಲಿ ಸೌಂಡ್ ಸತ್ತಿದೆ. ನಮ್ಮ ಊರಿನ ಉಪ್ಪುಗಾಳಿಗೆ ಅಷ್ಟು ಹಳೆ ಬೋರ್ಡ್ ಇಷ್ಟು ದಿನ ಉಳಿದದ್ದೇ ದೊಡ್ಡದು."

"ಸತ್ತಿದೆ ಅಂತ ನೀವು ನೋಡಿದ್ದೀರಾ?"

"ಶುರು ಆಯ್ತು ಪಾಟೀಸವಾಲು!" ಕಾಕ ನಕ್ಕರು. "ನೋಡಿ, ಎರಡೇ ಸಂಗತಿ. ಒಂದೋ ಸತ್ತಿದೆ, ಒಂದೋ ಯಾರಾದ್ರೂ ಮುಚ್ಚಿ ಇಟ್ಟಿದ್ದಾರೆ. ಮನೆಯ ಕಂಪ್ಯೂಟರಿನಲ್ಲಿ ಯಾರು ಮುಚ್ತಾರೆ? ಯುಎಸ್‌ಬಿ ಹೆಡ್‌ಫೋನ್ ಹಾಕಿ, ಕೆಲಸ ಆಗ್ತದೆ."

"ಅದ್ರ ಬಾಯಿಗಳಿಗೆಲ್ಲ ಅಂಟು ಹಾಕಿದ್ದಾರೆ."

"ಹೌದಾ? ಹಾಗಾದ್ರೆ ಒಳಗೆ ಕೂರಿಸುವ ಕಾರ್ಡ್ ಬೇಕು. ತರಿಸ್ತೇನೆ, ಮಂಗಳವಾರ ಬನ್ನಿ."

"ಸೋಮವಾರ ಹನ್ನೊಂದು ಗಂಟೆಗೆ ನನ್ನ ಕೆಲಸ ಹೋಗ್ತದೆ ಕಾಕ."

ಅವರು ನಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಏನಿದ್ರೂ ಫೋನ್ ಮಾಡಿ. ಊಟದ ಹೊತ್ತಲ್ಲಾದ್ರೂ ಎತ್ತುತ್ತೇನೆ" ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನೋಟ್‌ಬುಕ್ ತೆರೆದೆ. ನಾಲ್ಕು ಸಲ ಬರೆದ ಆ ಒಂದೇ ವಾಕ್ಯವನ್ನು ಈಗ ಸರಿಯಾಗಿ ಓದಿದೆ. ಸಾಧನ ಸಿಗಲಿಲ್ಲ. ಡ್ರೈವರ್ ತಪ್ಪು ಎಂದಲ್ಲ, ಸೌಂಡ್ ಕಾರ್ಡೇ ಕಾಣುತ್ತಿಲ್ಲ ಎಂದು. ಅದರ ಕೆಳಗೆ ಕಾಕ ಹೇಳಿದ ಎರಡು ಸಂಗತಿಗಳನ್ನು ಬರೆದೆ. ಸತ್ತಿದೆ. ಮುಚ್ಚಿದ್ದಾರೆ. ಕೊಟ್ಟಾರ ದಾಟುವಾಗ ತಲೆಯಲ್ಲಿ ಏನೋ ಸರಿದ ಹಾಗಾಯಿತು. ಮನೆಯ ಕಂಪ್ಯೂಟರಿನಲ್ಲಿ ಯಾರೂ ಮುಚ್ಚುವುದಿಲ್ಲ. ಆದರೆ ಇದು ಮನೆಯದ್ದಲ್ಲ. ಇದು ಆಫೀಸಿನದ್ದು, ಹನ್ನೊಂದನೇ ನಂಬರಿನದ್ದು, ಆರು ಬಾಯಿಗಳಿಗೆ ಅಂಟು ಹಾಕಿಸಿದವರದ್ದು. ಬಾಯಿ ಮುಚ್ಚಿದವರು ಸದ್ದನ್ನು ಬಿಟ್ಟಿದ್ದಾರೆಯೇ?

"ಅದು ಆಫೀಸಿನಲ್ಲಿರುವಾಗಲೇ" ಎಂದು ಅಪ್ಪ ಶನಿವಾರ ಶುರು ಮಾಡಿದ್ದರು. "ಮ್ಯಾನೇಜರ್ ಒಮ್ಮೆ ಎಂತ ಮಾಡಿದ್ರು" ಎಂದು ಮತ್ತೆ ಶುರು ಮಾಡಿದ್ದರು. ಎರಡು ಸಲವೂ ಕತ್ತರಿಸಿದವಳು ನಾನು.

ಮನೆಗೆ ಬಂದಾಗ ಊಟದ ಹೊತ್ತು. ಅಮ್ಮ ಬಂಗುಡೆ ಸಾರು ಮಾಡಿದ್ದಳು. ಅಪ್ಪ ತಟ್ಟೆಯ ಮುಂದೆ ಕೂತಿದ್ದರು. ಚಪ್ಪಲಿ ಬಿಟ್ಟು ನೇರ ಎದುರಿಗೆ ಹೋಗಿ ಕೂತೆ.

"ಅಪ್ಪ, ಮ್ಯಾನೇಜರ್ ಎಂತ ಮಾಡಿದ್ರು?"

"ಯಾವಾಗ?"

"ನಿನ್ನೆ ನೀವು ಹೇಳ್ಲಿಕ್ಕೆ ಹೊರಟದ್ದು."

"ನನಗೆ ಅದೆಲ್ಲ ಗೊತ್ತಾಗ್ಲಿಕ್ಕಿಲ್ಲ" ಎಂದರು ಅಪ್ಪ. ಮೀನಿನ ಮುಳ್ಳು ಬಿಡಿಸುವುದರಲ್ಲೇ ಇದ್ದರು.

"ಬೇಕಿತ್ತು ನಿನಗೆ" ಎಂದಳು ಅಮ್ಮ ನನ್ನನ್ನು ನೋಡಿ. "ನಿನ್ನೆಯಿಂದ ನನ್ನ ಹತ್ರ ಮೂರು ಸಲ ಹೇಳಿದ್ದಾರೆ. ನನಗೆ ಕಂಪ್ಯೂಟರಿನ ಸುದ್ದಿ ಹೇಳಿ ಎಂತ ಪ್ರಯೋಜನ?"

"ನಾನು ಹಾಗೆ ಹೇಳಬಾರದಿತ್ತು" ಎಂದೆ. "ಈಗ ಹೇಳಿ. ಬರೆದುಕೊಳ್ತೇನೆ." ನೋಟ್‌ಬುಕ್ ತೆರೆದು ಪೆನ್ನು ಹಿಡಿದೆ. ಅಪ್ಪ ಅದನ್ನು ನೋಡಿದರು. ಅವರು ಹೇಳಿದ್ದನ್ನು ಯಾರಾದರೂ ಬರೆದುಕೊಳ್ಳಲು ಕೂತದ್ದು ಅದೇ ಮೊದಲಿರಬೇಕು. ಕೈ ತೊಳೆದು ಬಂದು, ಸಾಕ್ಷಿ ಹೇಳುವವರ ಹಾಗೆ ನೆಟ್ಟಗೆ ಕೂತರು.

ನಡೆದದ್ದು ಇಷ್ಟು. ಕ್ರಿಕೆಟ್ ಪಂದ್ಯಗಳ ಕಾಲ. ಆಫೀಸಿನ ಗುಮಾಸ್ತರು ಕಂಪ್ಯೂಟರಿಗೆ ಕಿವಿಯ ವೈರು ಸಿಕ್ಕಿಸಿ, ಅಂಗಿಯ ಒಳಗಿನಿಂದ ಮೇಲೆ ತಂದು, ಕಾಮೆಂಟರಿ ಕೇಳುತ್ತಾ ಕೆಲಸ ಮಾಡುತ್ತಿದ್ದರು. ಒಂದು ದಿನ ತೂಕದ ಚೀಟಿ ಬರೆಯುವವನಿಗೆ ವಿಕೆಟ್ ಬಿದ್ದ ಗಡಿಬಿಡಿಯಲ್ಲಿ ಲಾರಿ ಅದಲುಬದಲಾಯಿತು. ಹಾಸನಕ್ಕೆ ಹೋಗಬೇಕಾದ ಮಾಲು ಕಾರವಾರಕ್ಕೆ ಹೋಯಿತು. ಮರುದಿನವೇ ಮ್ಯಾನೇಜರ್ ಒಬ್ಬ ರಿಪೇರಿಯವನನ್ನು ಕರೆಸಿ, ಎಲ್ಲ ಕಂಪ್ಯೂಟರುಗಳ ಸದ್ದು ನಿಲ್ಲಿಸಬೇಕು ಎಂದರು.

"ಹದಿನಾಲ್ಕು ಡಬ್ಬ. ಒಂದೊಂದನ್ನೇ ಮೇಜಿನಿಂದ ಎತ್ತಿ ಮ್ಯಾನೇಜರ ಕ್ಯಾಬಿನ್ನಿಗೆ ತಂದು, ಮತ್ತೆ ವಾಪಸ್ ಇಟ್ಟದ್ದು ನಾನೇ. ಹದಿನಾಲ್ಕು ಸಲ ನೋಡಿದ್ದೇನೆ."

"ಒಳಗೆ ಎಂತಾದ್ರೂ ಕತ್ತರಿಸಿದನಾ? ಕಿತ್ತು ತೆಗೆದನಾ?"

"ಸ್ಕ್ರೂ ಕೂಡ ಬಿಚ್ಚಲಿಲ್ಲ. ಆನ್ ಮಾಡುವಾಗ ಒಂದೇ ಕೀಯನ್ನು ಟಕಟಕ ಒತ್ತುತ್ತಿದ್ದ. ನೀಲಿ ಪರದೆ ಬರ್ತಿತ್ತು, ಬರೀ ಬರಹ. ಕೆಳಗೆ ಕೆಳಗೆ ಹೋಗಿ ಒಂದು ಕಡೆ ಎಂತದೋ ಬದಲಿಸಿದ. ಮತ್ತೆ ಕಡೆಗೆ ಎರಡು ಸಲ ಪಾಸ್‌ವರ್ಡ್ ಹೊಡೆದ. ನನಗೆ ಓದ್ಲಿಕ್ಕೆ ಬರುವುದಿಲ್ಲ ಅಂತ ಅವನು ಮುಚ್ಚಿಕೊಳ್ಳಲೂ ಇಲ್ಲ, ಆದ್ರೆ ಇಂಗ್ಲಿಷು. ಅದು ಮಾತ್ರ ನನಗೆ ಗೊತ್ತಿಲ್ಲ."

"ಬಾಯಿಗಳಿಗೆ ಅಂಟು?"

"ಅದು ಅದೇ ದಿನ. ಅಂಟು ಕಲಸಿ ಒತ್ತಿದ್ದು ನಾನೇ." ಅಪ್ಪ ತಮ್ಮ ಬಲಗೈಯ ಹೆಬ್ಬೆರಳನ್ನು ಎತ್ತಿ ತೋರಿಸಿದರು.

ಒಂಬತ್ತು ವರ್ಷ ನಾನು ದಿನಾ ಧೂಳು ಒರೆಸುವಾಗ ಕಾಣುತ್ತಿದ್ದ ಗೆರೆಗಳು ಅವರವೇ.

ಊಟ ಬಿಟ್ಟು ಎದ್ದೆ. ಕಂಪ್ಯೂಟರನ್ನು ಆರಿಸಿ, ಮತ್ತೆ ಹಚ್ಚಿ, ಅಪ್ಪ ಹೇಳಿದ ಹಾಗೆ ಒಂದೇ ಕೀಯನ್ನು ಒತ್ತುತ್ತಾ ಹೋದೆ. ಮೂರನೇ ಪ್ರಯತ್ನಕ್ಕೆ ಸರಿಯಾದ ಕೀ ಸಿಕ್ಕಿತು. ನೀಲಿ ಪರದೆ ಬಂತು. "ಅದೇ, ಅದೇ!" ಎಂದರು ಅಪ್ಪ ಹಿಂದಿನಿಂದ. ನಡುವೆ ಒಂದು ಪಟ್ಟಿ, ಪಾಸ್‌ವರ್ಡ್ ಕೊಡಿ. ಕಾರ್ಖಾನೆಯ ಹೆಸರು ಹೊಡೆದೆ. ಒಂದರಿಂದ ನಾಲ್ಕು ಹೊಡೆದೆ. ಹನ್ನೊಂದು ಹೊಡೆದೆ. ಮೂರು ತಪ್ಪಾದ ಮೇಲೆ ಅದು ಕಲ್ಲಿನ ಹಾಗೆ ನಿಂತುಬಿಟ್ಟಿತು.

ಕಾಕನಿಗೆ ಫೋನ್ ಮಾಡಿದೆ. ಬಾಯಿಯಲ್ಲಿ ತುತ್ತು ಇಟ್ಟುಕೊಂಡೇ ಎತ್ತಿದರು.

"ಆಹಾ, ಆ ನೀಲಿ ಪರದೆ ಅಂದ್ರೆ ಬಯೋಸ್. ಅದ್ರಲ್ಲಿ ಮುಚ್ಚಿದ್ದಾ! ನಾನು ಹೇಳ್ಲಿಲ್ವಾ?"

"ನೀವು ಸತ್ತಿದೆ ಅಂದ್ರಿ."

"ಎರಡೂ ಹೇಳಿದ್ದೇನೆ, ನಿಮ್ಮ ಪುಸ್ತಕದಲ್ಲಿ ನೋಡಿ. ಸರಿ, ಕೇಳಿ. ಡಬ್ಬ ಬಿಚ್ಚಿದ್ರೆ ಬೋರ್ಡಿನಲ್ಲಿ ನಾಣ್ಯದ ಹಾಗೆ ಒಂದು ಸೆಲ್ ಉಂಟು. ಕರೆಂಟಿನ ವೈರ್ ಎಳೆದು, ಆ ಸೆಲ್ ತೆಗೆದು ಕಾಲು ಗಂಟೆ ಬಿಡಿ. ಪಾಸ್‌ವರ್ಡ್, ಮುಚ್ಚಿದ್ದು, ಎಲ್ಲ ಅದಕ್ಕೆ ಮರೆತು ಹೋಗ್ತದೆ. ಆದ್ರೆ ಹಳೆ ಬೋರ್ಡ್. ಮತ್ತೆ ಏಳದಿದ್ರೆ ನನ್ನನ್ನು ಬೈಬೇಡಿ."

ಮತ್ತೆ ಏಳದಿದ್ದರೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಏಳದಿದ್ದರೆ ಈ ಪರೀಕ್ಷೆಯೂ ಇಲ್ಲ, ಮುಂದೆ ಮನೆಯಲ್ಲಿ ಟೈಪಿಂಗೂ ಇಲ್ಲ. ಸುಮ್ಮನೆ ಬಿಟ್ಟರೆ ಕಂಪ್ಯೂಟರ್ ಉಳಿಯುತ್ತದೆ, ಕೆಲಸ ಹೋಗುತ್ತದೆ. ಅರ್ಧ ನಿಮಿಷ ಯೋಚಿಸಿರಬಹುದು. ಕಂಪ್ಯೂಟರನ್ನು ಮತ್ತೊಮ್ಮೆ ಮಾಮೂಲಿನಂತೆ ಹಚ್ಚಿ, ಮುಖ್ಯವಾದ ಕಾಗದಗಳನ್ನೂ ಅಂಕಪಟ್ಟಿಗಳನ್ನೂ ನನಗೇ ಮೇಲ್ ಮಾಡಿಕೊಂಡೆ. ನಿಧಾನದ ನೆಟ್ಟು, ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ವೈರು ಎಳೆದೆ.

ಸ್ಕ್ರೂಗಳು ತುಕ್ಕು ಹಿಡಿದಿದ್ದವು. ನನ್ನ ಕೈಯಲ್ಲಿ ಒಂದರ ತಲೆ ಸವೆಯತೊಡಗಿತು. "ಬಿಡು" ಎಂದರು ಅಪ್ಪ. ಒಂದೊಂದಕ್ಕೂ ತೆಂಗಿನೆಣ್ಣೆಯ ಹನಿ ಬಿಟ್ಟು ಸ್ವಲ್ಪ ಕಾದರು. "ತಿರುಗಿಸುವುದಕ್ಕಿಂತ ಮೊದಲು ಒತ್ತಬೇಕು. ಅವಸರ ಮಾಡಿದ್ರೆ ತಲೆ ಹೋಗ್ತದೆ." ಮೂವತ್ತು ವರ್ಷ ಮರದ ಪೆಟ್ಟಿಗೆಗಳನ್ನು ಬಿಚ್ಚಿದ ಕೈ. ನಾಲ್ಕೂ ಬಂದವು. ಒಳಗೆ ಹತ್ತಿಯ ಹಾಗೆ ಧೂಳು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಎರಡು ಚಿಪ್ಪು. ಬೋರ್ಡಿನ ಮೇಲೆ ಅಚ್ಚಾಗಿದ್ದ ಕಂಪೆನಿಯ ಹೆಸರು,‌ ನಂಬರುಗಳನ್ನು ಬರೆದುಕೊಂಡೆ. ತಲೆಯ ಹೇರ್‌ಪಿನ್ ತೆಗೆದು ಅದರ ತುದಿಯಿಂದ ಸೆಲ್ ಎಬ್ಬಿಸಿದೆ.

ಕಾಲು ಗಂಟೆ ಕಾಯಬೇಕಿತ್ತು. ಅಮ್ಮ ಬಂದು ಇಣುಕಿದಳು.

"ಇದನ್ನು ಮತ್ತೆ ಜೋಡಿಸ್ಲಿಕ್ಕೆ ಬರ್ತದಾ ನಿನಗೆ?"

"ಬರ್ತದೆ."

"ಮೊದಲು ಯಾವತ್ತಾದ್ರೂ ಜೋಡಿಸಿದ್ದೀಯಾ?"

"ಇಲ್ಲ."

"ಒಳ್ಳೇದಾಯ್ತು" ಎಂದು ಅಮ್ಮ ಒಳಗೆ ಹೋದಳು.

ಸೆಲ್ ಕೂರಿಸಿ, ವೈರು ಸಿಕ್ಕಿಸಿ, ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಕಡೆಗೊಮ್ಮೆ ಒಳಗಿನಿಂದ ಪೀಂ ಎಂದು ಒಂದು ಸಣ್ಣ ಸದ್ದು. ಆ ಒಂದು ಸದ್ದನ್ನು ಮಾತ್ರ ಮ್ಯಾನೇಜರಿಗೂ ನಿಲ್ಲಿಸಲು ಆಗಿರಲಿಲ್ಲ. ಪರದೆ ಬೆಳಗಿತು. ನೀಲಿ ಪುಟಕ್ಕೆ ಹೋದೆ, ಪಾಸ್‌ವರ್ಡ್ ಕೇಳಲೇ ಇಲ್ಲ. ಕೆಳಗೆ ಕೆಳಗೆ ಹೋದಾಗ ಆಡಿಯೋ ಎಂಬ ಸಾಲು ಸಿಕ್ಕಿತು. ಈಗ ಅದು ತೆರೆದಿತ್ತು.

ಡಿವೈಸ್ ಮ್ಯಾನೇಜರ್ ನೋಡಿದೆ. ಹಳದಿ ಗುರುತು! ಕೆಟ್ಟ ಗುರುತನ್ನು ನೋಡಿ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ಸೌಂಡ್ ಕಾರ್ಡ್ ಸತ್ತಿರಲಿಲ್ಲ. ಈಗ ಮಾತ್ರ ಇದು ನಿಜವಾಗಿ ಡ್ರೈವರ್ ಪ್ರಾಬ್ಲಮ್. ಬೋರ್ಡಿನ ನಂಬರು ಕೈಯಲ್ಲಿತ್ತು, ಕಂಪೆನಿಯ ಸ್ವಂತ ಪುಟದಲ್ಲೇ ಹುಡುಕಲು ಹೊರಟೆ. ಒಂದು ಪುಟವೂ ತೆರೆಯಲಿಲ್ಲ. ಇದು ಸುರಕ್ಷಿತವಲ್ಲ, ಅದು ಸುರಕ್ಷಿತವಲ್ಲ ಎಂಬ ಎಚ್ಚರಿಕೆಗಳು. ನೆಟ್ಟಿನ ವೈರು ಅಲುಗಾಡಿಸಿದೆ, ಕೇಬಲಿನವರಿಗೆ ಫೋನ್ ಮಾಡಿ ಜಗಳ ಮಾಡಿದೆ. ಆಮೇಲೆ ಕಣ್ಣಿಗೆ ಬಿತ್ತು. ಸೆಲ್ ತೆಗೆದ ಮೇಲೆ ಕಂಪ್ಯೂಟರ್ ತಾರೀಖನ್ನೂ ಮರೆತಿತ್ತು. ಅದರ ಲೆಕ್ಕದಲ್ಲಿ ನಾನಿನ್ನೂ ಹೈಸ್ಕೂಲು. ತಾರೀಖು ಸರಿ ಮಾಡಿದೆ, ಪುಟ ತೆರೆಯಿತು. ಕೇಬಲಿನವರಿಗೆ ಇನ್ನೊಮ್ಮೆ ಫೋನ್ ಮಾಡಿ, ನನ್ನದೇ ತಪ್ಪು ಎಂದೆ. ಎರಡು ದಿನದಲ್ಲಿ ಆ ಮಾತು ನನಗೆ ಸ್ವಲ್ಪ ಅಭ್ಯಾಸವಾಗಿತ್ತು.

ಡ್ರೈವರ್ ಇಳಿಯಿತು, ಕೂತಿತು. ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹತ್ತಿತು. ಸ್ಪೀಕರಿನ ಚಿತ್ರದ ಮೇಲಿನ ಕೆಂಪು ಗುರುತು ಇರಲಿಲ್ಲ. ಪರೀಕ್ಷೆಯ ಪುಟ ತೆರೆದು ಸದ್ದಿನ ಗುಂಡಿ ಒತ್ತಿದೆ. ಅಮ್ಮ ದೇವರಿಗೆ ದೀಪ ಹಚ್ಚುವ ಹೊತ್ತು.

"ಏಳು. ಎರಡು. ಒಂಬತ್ತು. ಎರಡು" ಎಂದಿತು ಕಂಪ್ಯೂಟರ್. ಹೆಂಗಸಿನ ಧ್ವನಿ, ಚೊಕ್ಕವಾದ ಕನ್ನಡ.

"ಏಳು, ಎರಡು, ಒಂಬತ್ತು, ಎರಡು" ಎಂದು ಜಗಲಿಯಿಂದ ಅಪ್ಪ ಗಟ್ಟಿಯಾಗಿ ಹೇಳಿದರು, ನನಗೆ ಕೇಳಿಸದೆ ಹೋದರೆ ಎಂದು. ಬರೆದೆ. ಮೂರನೆಯದೂ ಹಸಿರಾಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೂತೆ. ವಯಸ್ಸಾದ ಒಬ್ಬ ಹೆಂಗಸು ತುಳುವಿನಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕುವ ಬಗೆಯನ್ನು ಹೇಳುತ್ತಾ, ನಡುನಡುವೆ ಸೊಸೆಯನ್ನು ಬೈಯುತ್ತಿದ್ದಳು. ಬೈಗುಳವನ್ನೂ ಬಿಡದೆ ಬರೆದೆ. ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೀನಿನವನ ಸ್ಕೂಟರ್ ದೂರದಲ್ಲಿ ಕಂಡ ಕೂಡಲೇ ಎದ್ದು ಹೋಗಿ, "ಇವತ್ತು ಹಾರನ್ ಹೊಡೀಬೇಡ ಮಾರಾಯ, ಮಗಳಿಗೆ ಪರೀಕ್ಷೆ" ಎಂದು ಹೇಳಿ ಬಂದರಂತೆ. "ಈ ಪ್ರಾಯಕ್ಕಾ?" ಎಂದು ಅವನು ಕೇಳಿದನಂತೆ. ಹತ್ತು ನಲವತ್ತಕ್ಕೆ ಕಳಿಸಿದೆ.

ಹನ್ನೆರಡು ದಿನ ಬಿಟ್ಟು ಉತ್ತರ ಬಂತು. ಕೆಲಸ ಸಿಕ್ಕಿತು.

ಅದರ ಜೊತೆಗೇ ಒಂದು ಹೆಡ್‌ಫೋನನ್ನೂ ಕಳಿಸಿದರು. ಯುಎಸ್‌ಬಿಯದ್ದು. ಕಾಕನ ಅಂಗಡಿಗೆ ಒಯ್ದು ಅಂಟು ತೆಗೆಸಿಕೊಂಡು ಬರುತ್ತೇನೆ ಎಂದೆ. "ಎಂತಕ್ಕೆ? ಹಾಕಿದ್ದು ನಾನು, ತೆಗೆಯುವುದೂ ನಾನೇ" ಎಂದು ಅಪ್ಪ ಕೊಬ್ಬರಿ ಕೀಳುವ ಸಣ್ಣ ಕತ್ತಿ ತಂದರು. ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು ಎಂದು ಅವರಿಗೆ ನೆನಪಿತ್ತು. ಆರರಲ್ಲಿ ಮೂರು ಬಾಯಿ ಒಳಗೇ ತುಕ್ಕು ಹಿಡಿದಿದ್ದವು, ಮೂರು ಚೆನ್ನಾಗಿದ್ದವು. ಹೆಬ್ಬೆರಳಿನ ಗೆರೆಗಳಿದ್ದ ತುಂಡು ಟಪ್ಪೆಂದು ಸಿಡಿದು ಮೇಜಿನ ಕೆಳಗೆ ಬಿತ್ತು. ತೆಗೆದಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಪೊರಕೆ ತಂದು, "ಕಾಲಿಗೆ ಚುಚ್ಚುತ್ತದೆ" ಎಂದು ಎಲ್ಲವನ್ನೂ ಗುಡಿಸಿ ಹೊರಗೆ ಹಾಕಿದಳು.

ಹೆಡ್‌ಫೋನ್ ಚುಚ್ಚಿ ಮೊದಲ ಧ್ವನಿಮುದ್ರಣ ತೆರೆದೆ. ಹಳೆಯ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಮಾತು. ಮೂರನೇ ನಿಮಿಷದಲ್ಲಿ ನನಗೆ ಗೊತ್ತಿಲ್ಲದ ಒಂದು ತುಳು ಶಬ್ದ ಬಂತು. ಮೊಬೈಲಿಗೆ ಕೈ ಹಾಕಲಿಲ್ಲ. ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ಜಗಲಿಯ ಕಡೆಗೆ ತಿರುಗಿ ಕರೆದೆ.

"ಅಪ್ಪ, ಒಮ್ಮೆ ಬರ್ತೀರಾ?"